ನಮ್ಮ ಕಲ್ಲು, ಅವರ ಗೋಡೆ ಮತ್ತು ಅಳುವುದಕ್ಕೊಂದು ಜಾಗ

ವಾಷಿಂಗ್ಟನ್ನಿನ ವಿಯೆಟ್ನಾಂ ಯುದ್ಧ ಸ್ಮಾರಕದ ಫೋಟೋ ನೀವೆಲ್ಲ ನೋಡೇ ಇರ್ತೀರಿ. ಹುಲ್ಲುಹಾಸಿನ ನಡುವೆ ನೆಲದೊಳಕ್ಕೆ ಇಳಿದುಹೋದಂತಿರುವ ಉದ್ದನೆಯ ಕಪ್ಪು ಗೋಡೆ, ಗೋಡೆ ತುಂಬ ಹೆಸರುಗಳು, ಯಾವುದೋ ಒಂದು ಹೆಸರಿನ ಮೇಲೆ ಅಂಗೈ ಒತ್ತಿಕೊಂಡು ನಿಂತಿರುವ ಯಾರೋ ಒಬ್ಬರು. ಆ ಗೋಡೆಯ ಕಲ್ಲು ಹೋಗಿದ್ದು ಎಲ್ಲಿಂದ ಅಂತ ಗೊತ್ತಾ? ನಮ್ಮ ಬೆಂಗಳೂರಿನ ಕಡೆಯಿಂದ! ನಮ್ಮ ಕ್ವಾರಿಯ ಕರಿಕಲ್ಲು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಅಲ್ಲಿ ಕೊಯ್ಯಿಸಿಕೊಂಡು, ಪಾಲಿಶ್ ಮಾಡಿಸಿಕೊಂಡು, ಐವತ್ತೆಂಟು ಸಾವಿರಕ್ಕೂ ಹೆಚ್ಚು ಸತ್ತವರ ಹೆಸರನ್ನು ಮೈಮೇಲೆ ಕೆತ್ತಿಸಿಕೊಂಡು ನಿಂತಿದೆ.

ಅದೇ ಜಾತಿಯ ಕಲ್ಲನ್ನು ನಾವು ಇಲ್ಲಿ ಯಾತಕ್ಕೆ ಬಳಸ್ತೀವಿ? ಯಾವುದಾದರೂ ಬಸ್‌ಸ್ಟ್ಯಾಂಡಿಗೋ, ಸಮುದಾಯ ಭವನಕ್ಕೋ, ಕೆರೆ ಏರಿಗೋ ಹೋಗಿ ನೋಡಿ. ಫಳಫಳ ಹೊಳೆಯುವ ಕರಿಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ "ಉದ್ಘಾಟನೆ" ಇಂಥವರಿಂದ, "ಅಧ್ಯಕ್ಷತೆ" ಇಂಥವರದು, "ಘನ ಉಪಸ್ಥಿತಿ" ಇಂಥಿಂಥವರದು. ನಮ್ಮಲ್ಲಿ ಕಲ್ಲಿನ ಮೇಲೆ ಹೆಸರು ಬರಬೇಕಾದರೆ ಸಾಯಬೇಕಾಗಿಲ್ಲ, ರಿಬ್ಬನ್ ಕತ್ತರಿಸಿದರೆ ಸಾಕು.

ತಮಾಷೆಗೆ ಹೇಳಿದೆ ಅಂದುಕೊಳ್ಳಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಯೊಳಕ್ಕೆ ಬಿತ್ತು. ರಸ್ತೆ ಬದಿಯಲ್ಲಿ ಚಾ ಅಂಗಡಿ ಇಟ್ಟುಕೊಂಡಿದ್ದ ಸಂಸಾರ, ಲಾರಿ ನಿಲ್ಲಿಸಿದ್ದ ಡ್ರೈವರುಗಳು ಮಣ್ಣಿನಡಿ ಹೋದರು. ಒಬ್ಬ ಡ್ರೈವರನ ದೇಹ ನದಿಯ ತಳದಿಂದ ಸಿಕ್ಕಿದ್ದು ಎರಡು ತಿಂಗಳು ದಾಟಿದ ಮೇಲೆ, ಸೆಪ್ಟೆಂಬರಿನಲ್ಲಿ. ಅದೇ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಹೊಟ್ಟೆಪಾಡಿಗೆ ಅಲ್ಲಿಗೆ ಹೋಗಿದ್ದ ನಮ್ಮ ಕಡೆಯವರೂ ಅದರಲ್ಲಿದ್ದರು. ಗುರುತು ಸಿಗದ ದೇಹಗಳನ್ನು, ಕೆಲವೆಡೆ ದೇಹದ ತುಂಡುಗಳನ್ನು, ಪುತ್ತುಮಲೆಯಲ್ಲಿ ಸಾಲಾಗಿ ಹೂತು ಮೇಲೆ ನಂಬರು ಹಾಕಿದರು. ಆ ಪುತ್ತುಮಲೆಯೂ 2019ರಲ್ಲಿ ಗುಡ್ಡ ಕುಸಿದು ಜನ ಸತ್ತ ಊರೇ. ಅದಕ್ಕೂ ಮೊದಲು, 2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಜನ ಹೋದಾಗ, ಗುರುತು ಹತ್ತದೇ ಉಳಿದವರನ್ನು ಕೂಳೂರಿನ ಹತ್ತಿರ ಫಲ್ಗುಣಿ ನದಿಯ ದಂಡೆ ಕಡೆ ಮಣ್ಣು ಮಾಡಿದರು. ಅಲ್ಲೊಂದು ಸ್ಮಾರಕ ಉದ್ಯಾನವಿದೆ, ಪ್ರತಿ ವರ್ಷ ಮೇ 22ಕ್ಕೆ ಹೂವಿಡುತ್ತಾರೆ.

ಅಂದರೆ ಬೆಟ್ಟದ ಬುಡದಲ್ಲಿ, ನದಿಯ ಪಕ್ಕದಲ್ಲಿ, ಕಾಡಿನ ಅಂಚಿನಲ್ಲಿ ಇಂಥ ಜಾಗಗಳು ನಮಗೆ ಈಗಾಗಲೇ ಬೇಕಾಗಿವೆ. ಮುಂದೆ ಇನ್ನೂ ಬೇಕಾಗುತ್ತವೆ, ಪಶ್ಚಿಮಘಟ್ಟದ ಮಳೆಗಾಲಗಳನ್ನು ನೋಡಿದರೆ ಅದರಲ್ಲಿ ನನಗೆ ಅನುಮಾನವಿಲ್ಲ. ಹಾಗಾಗಿ ಒಂದು ಪ್ರಶ್ನೆ. ಸತ್ತವರಿಗಾಗಿ ಮರಗಿಡಗಳ ನಡುವೆ ಏನನ್ನಾದರೂ ಕಟ್ಟಬೇಕು ಅಂದರೆ ಏನು ಕಟ್ಟಬೇಕು? ಎಷ್ಟು ಕಟ್ಟಬೇಕು? ಯಾರಿಗಾಗಿ ಕಟ್ಟಬೇಕು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಸ್ಮಾರಕವನ್ನು ನೋಡುವವರಿಗಾಗಿ ಕಟ್ಟಬಾರದು, ಅಳುವವರಿಗಾಗಿ ಕಟ್ಟಬೇಕು. ನೋಡುವವನಿಗೆ ಬೇಕಾದ್ದು ದೂರದಿಂದಲೇ ಕಾಣುವ ಎತ್ತರ, ಫೋಟೋಗೆ ಒಂದು ಹಿನ್ನೆಲೆ. ಅಳುವವರಿಗೆ ಬೇಕಾದ್ದು ಬೇರೆ. ನಡೆಯಲು ಸ್ವಲ್ಪ ದೂರ, ಕೂರಲು ಒಂದು ಕಟ್ಟೆ, ಮುಟ್ಟಲು ಒಂದು ಹೆಸರು, ಯಾರ ಕಣ್ಣಿಗೂ ಬೀಳದೆ ಐದು ನಿಮಿಷ ಇರಲು ಒಂದು ಮರೆ.

*

ಇದನ್ನು ಪೂರ್ತಿಯಾಗಿ ಅರ್ಥ ಮಾಡಿಕೊಂಡು ಮಾಡಿದ ಒಂದು ಜಾಗ ಸ್ವೀಡನ್ನಿನಲ್ಲಿದೆ. ಸ್ಟಾಕ್‌ಹೋಮಿನ ದಕ್ಷಿಣಕ್ಕಿರುವ ಸ್ಕೂಗ್ಸ್‌ಶಿರ್ಕೊಗೋರ್ಡನ್ ಅನ್ನೋ ಸ್ಮಶಾನ. ಬಾಯಿ ತಿರುಗದಿದ್ದರೆ 'ಕಾಡಿನ ಸ್ಮಶಾನ' ಅನ್ನಿ, ಅರ್ಥ ಹೆಚ್ಚುಕಮ್ಮಿ ಅದೇ. 1914-15ರಲ್ಲಿ ಇದರ ವಿನ್ಯಾಸಕ್ಕಾಗಿ ಒಂದು ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ಗೆದ್ದವರು ಗುನ್ನಾರ್ ಆಸ್ಪ್ಲುಂಡ್ ಮತ್ತು ಸಿಗುರ್ಡ್ ಲೆವೆರೆಂಟ್ಜ್. ಇಬ್ಬರೂ 1885ರಲ್ಲಿ ಹುಟ್ಟಿದವರು, ಅಂದರೆ ಆಗ ಮೂವತ್ತರ ಆಸುಪಾಸು. ಸಿಕ್ಕಿದ್ದ ಜಾಗವೇನೂ ಸ್ವರ್ಗದಂತಿರಲಿಲ್ಲ. ಪೈನ್ ಮರಗಳ ಕಾಡು, ನಡುನಡುವೆ ಜಲ್ಲಿ ತೆಗೆದು ಬಿಟ್ಟ ಹಳ್ಳಗಳು. ಬೇರೆಯವರಾದರೆ ಮೊದಲು ಜೆಸಿಬಿ ತರಿಸಿ ಎಲ್ಲ ಮಟ್ಟ ಮಾಡಿಸುತ್ತಿದ್ದರೇನೋ (ಸರಿ, ಆಗ ಜೆಸಿಬಿ ಇರಲಿಲ್ಲ!). ಇವರು ಮರಗಳನ್ನು ಉಳಿಸಿಕೊಂಡು ಮರಗಳ ಕೆಳಗೇ ಸಮಾಧಿಗಳನ್ನಿಟ್ಟರು. ಹಳ್ಳಗಳನ್ನೂ ದಿಬ್ಬಗಳನ್ನೂ ತಿದ್ದಿ ಬಳಸಿಕೊಂಡರು.

ಅಲ್ಲೊಂದು ಗುಡ್ಡವಿದೆ. ಹುಲ್ಲಿನ ಬೋಳುಗುಡ್ಡ, ನೆತ್ತಿಯ ಮೇಲೆ ಮಾತ್ರ ಚೌಕಾಕಾರವಾಗಿ ನೆಟ್ಟ ಮರಗಳು, ಮರಗಳ ನಡುವೆ ಸುಮ್ಮನೆ ಕೂರುವ ಜಾಗ. ಅಲ್ಲಿಗೆ ಹತ್ತಲು ಮೆಟ್ಟಿಲುಗಳಿವೆ. ಆ ಮೆಟ್ಟಿಲುಗಳು ಮೇಲೆ ಹೋದಹಾಗೆ ಎತ್ತರ ಕಡಿಮೆಯಾಗುತ್ತ ಹೋಗುತ್ತವೆ. ಹತ್ತುವವರು ಸುಸ್ತಾದಷ್ಟೂ ಮೆಟ್ಟಿಲು ಸಲೀಸಾಗುತ್ತದೆ. ಮೇಲೆ ತಲುಪುವ ಹೊತ್ತಿಗೆ ಏದುಸಿರು ಇರಬಾರದು, ಮನಸ್ಸು ತಿಳಿಯಾಗಿರಬೇಕು ಅನ್ನೋದು ಲೆಕ್ಕಾಚಾರ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಎರಡು ಮೆಟ್ಟಿಲು ಒಂದೇ ಎತ್ತರ ಇರುವುದೇ ಕಷ್ಟ. ಇಲ್ಲಿ ಒಬ್ಬ, ಗಂಡನನ್ನು ಕಳೆದುಕೊಂಡ ಮುದುಕಿಯೊಬ್ಬಳ ಮಂಡಿಯನ್ನು ನೆನೆದು ಮೆಟ್ಟಿಲಿನ ಅಳತೆ ಬರೆದಿದ್ದಾನೆ.

ಆ ಗುಡ್ಡದಿಂದ 888 ಮೀಟರ್ ಉದ್ದದ ಒಂದು ನೇರ ದಾರಿ ಕಾಡಿನೊಳಕ್ಕೆ ಹೋಗುತ್ತದೆ. ಹೆಸರು 'ಏಳು ಬಾವಿಗಳ ದಾರಿ'. ಮೊದಮೊದಲು ಎರಡೂ ಕಡೆ ಬೆಳ್ಳಗಿನ ಬರ್ಚ್ ಮರಗಳು, ಬೆಳಕು ಧಾರಾಳ. ಮುಂದೆ ಹೋದಂತೆ ಪೈನ್ ಮರಗಳು ದಟ್ಟವಾಗಿ ನೆರಳು ಕಪ್ಪಾಗುತ್ತದೆ. ದಾರಿಯ ಕೊನೆಗೆ ಲೆವೆರೆಂಟ್ಜ್ ಕಟ್ಟಿದ 'ಪುನರುತ್ಥಾನ'ದ ಚಾಪೆಲ್ಲು, 1925ರದ್ದು. ಒಳಗೆ ಹೋಗುವುದು ಉತ್ತರದ ಬಾಗಿಲಿನಿಂದ. ಕ್ರಿಯೆ ಮುಗಿದ ಮೇಲೆ ಹೊರಗೆ ಬರುವುದು ಪಶ್ಚಿಮದ ಇನ್ನೊಂದು ಬಾಗಿಲಿನಿಂದ. ಬಂದ ದಾರಿಯಲ್ಲೇ ವಾಪಸು ಹೋಗುವ ಹಾಗಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಸ್ಮಶಾನದ ಪದ್ಧತಿ. ಮಡಕೆ ಒಡೆದ ಮೇಲೆ ತಿರುಗಿ ನೋಡದೆ ಬರಬೇಕು ಅಂತ ನಮ್ಮಲ್ಲೂ ಹಿರಿಯರು ಹೇಳ್ತಾರಲ್ಲ, ಅದೇ. ನಾವು ಬಾಯಲ್ಲಿ ಹೇಳಿದ್ದನ್ನು ಅವರು ಬಾಗಿಲಲ್ಲಿ ಮಾಡಿದ್ದಾರೆ. ದುಃಖಕ್ಕೆ ಒಂದು ಒಳಬರುವ ದಾರಿ ಬೇಕು, ಒಂದು ಹೊರಹೋಗುವ ದಾರಿ ಬೇಕು. ಎರಡೂ ಒಂದೇ ಆಗಬಾರದು.

1940ರಲ್ಲಿ ಮುಗಿದ ಅಲ್ಲಿನ ಚಿತಾಗಾರವನ್ನು ಆಸ್ಪ್ಲುಂಡ್ ಒಬ್ಬನೇ ಮಾಡಿದ. ಅಷ್ಟು ಹೊತ್ತಿಗೆ ಲೆವೆರೆಂಟ್ಜನನ್ನು ಆ ಕೆಲಸದಿಂದ ಬಿಟ್ಟುಬಿಟ್ಟಿದ್ದರು, ಅದೇ ಒಂದು ಬೇಜಾರಿನ ಕತೆ, ಇರಲಿ. ಅಲ್ಲಿರುವುದು ಮೂರು ಚಾಪೆಲ್ಲು. ಅವುಗಳ ಜೊತೆಗೇ ಕಾಯುವ ಕೋಣೆಗಳು, ಕಿಟಕಿಯಾಚೆ ಒಂದು ತುಂಡು ತೋಟ. ಗೋಡೆಯ ಮರದ ಹಲಗೆಯೇ ಕೆಳಗೆ ಬಾಗಿ ಬೆಂಚಾಗುತ್ತದೆ, ಚೂಪಾದ ಮೂಲೆಗಳಿಲ್ಲ. ಒಂದು ಮನೆಯವರು ತಮ್ಮವರನ್ನು ಕಳಿಸಿಕೊಡುವಾಗ ಇನ್ನೊಂದು ಮನೆಯವರ ಗದ್ದಲ ಅಡ್ಡ ಬರಬಾರದು ಅನ್ನುವ ಎಚ್ಚರ ಅಲ್ಲಿದೆ. ನಮ್ಮ ಊರುಗಳ ವಿದ್ಯುತ್ ಚಿತಾಗಾರಗಳ ಮುಂದೆ ಕ್ಯೂನಲ್ಲಿ ನಿಂತವರಿಗೆ, ಅದರಲ್ಲೂ 2021ರ ಆ ಏಪ್ರಿಲ್ ಮೇ ತಿಂಗಳಲ್ಲಿ ಟೋಕನ್ ಹಿಡಿದು ಆಂಬುಲೆನ್ಸಿನ ಪಕ್ಕ ನಿಂತವರಿಗೆ, ಈ ಎಚ್ಚರದ ಬೆಲೆ ಗೊತ್ತಾಗುತ್ತದೆ. ಆಸ್ಪ್ಲುಂಡ್ ಆ ಕಟ್ಟಡ ಮುಗಿದ ವರ್ಷವೇ, ಅಕ್ಟೋಬರಿನಲ್ಲಿ ತೀರಿಕೊಂಡ. ಅವನ ಸಮಾಧಿಯೂ ಅಲ್ಲೇ ಇದೆ.

ಅಲ್ಲಿ ಈಗ ಒಂದು ಲಕ್ಷಕ್ಕೂ ಹೆಚ್ಚು ಸಮಾಧಿಗಳಿವೆ. ಆದರೆ ಸಮಾಧಿಕಲ್ಲುಗಳು ಚಿಕ್ಕವು, ಒಬ್ಬರದು ಇನ್ನೊಬ್ಬರದಕ್ಕಿಂತ ಮೆರೆಯಬಾರದು ಅನ್ನುವ ಕಟ್ಟುಪಾಡಿದೆ. ಹಾಲಿವುಡ್ಡಿನ ಗ್ರೇಟಾ ಗಾರ್ಬೋಳ ಚಿತಾಭಸ್ಮವನ್ನೂ 1999ರಲ್ಲಿ ಇಲ್ಲಿಗೇ ತಂದರು. 1994ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ತಾಣ ಅಂತ ಘೋಷಿಸಿತು. ಅರಮನೆ, ಕೋಟೆ, ದೇವಸ್ಥಾನಗಳ ಆ ಪಟ್ಟಿಯಲ್ಲಿ ಇಪ್ಪತ್ತನೇ ಶತಮಾನದ ಸಾಮಾನ್ಯ ಜನರ ಸ್ಮಶಾನವೊಂದು ಸೇರಿದ್ದು ಸಣ್ಣ ಮಾತಲ್ಲ.

*

ಎಲ್ಲವೂ ಹೀಗೆ ಸರಾಗವಾಗಿ ಆಗುತ್ತದೆ ಅಂತಲ್ಲ. ಪಕ್ಕದ ನಾರ್ವೆಯ ಕತೆ ನೋಡಿ.

2011ರ ಜುಲೈ 22. ಓಸ್ಲೋದ ಸರ್ಕಾರಿ ಕಚೇರಿಗಳ ಮುಂದೆ ಬಾಂಬು ಸಿಡಿದು 8 ಜನ ಸತ್ತರು. ಬಾಂಬಿಟ್ಟವನೇ ಅಲ್ಲಿಂದ ಉಟೋಯಾ ಅನ್ನೋ ಪುಟ್ಟ ದ್ವೀಪಕ್ಕೆ ಹೋಗಿ, ಬೇಸಿಗೆ ಶಿಬಿರಕ್ಕೆ ಬಂದಿದ್ದ ಹುಡುಗ ಹುಡುಗಿಯರ ಮೇಲೆ ಗುಂಡು ಹಾರಿಸಿದ. ಅಲ್ಲಿ 69 ಜನ ಸತ್ತರು, ಬಹುಪಾಲು ಇನ್ನೂ ಮೀಸೆ ಚಿಗುರದ ಮಕ್ಕಳು. ನೀರಿಗೆ ಹಾರಿದವರನ್ನು ಆಚೆ ದಡದ ಜನ ತಮ್ಮ ತಮ್ಮ ದೋಣಿ ತಂದು ಎತ್ತಿಕೊಂಡರು.

ಮೂರು ವರ್ಷದ ಮೇಲೆ ಸ್ಮಾರಕಕ್ಕೆ ಸ್ಪರ್ಧೆ ನಡೆದು, ಯೋನಾಸ್ ಡಾಲ್‌ಬರ್ಗ್ ಎಂಬ ಸ್ವೀಡಿಷ್ ಕಲಾವಿದನ ಯೋಜನೆ ಆಯ್ಕೆಯಾಯಿತು. ದ್ವೀಪದ ಎದುರಿಗೆ ದಡದಲ್ಲಿ ಚಾಚಿಕೊಂಡಿರುವ ಒಂದು ಭೂಶಿರವನ್ನು ಮೂರೂವರೆ ಮೀಟರ್ ಅಗಲಕ್ಕೆ ಸೀಳಿ ಎರಡು ತುಂಡು ಮಾಡುವುದು. ನಡುವೆ ನೀರು. ಈಚೆ ಕಡೆಯ ಬಂಡೆಯೊಳಗೆ ಕೊರೆದ ದಾರಿಯಲ್ಲಿ ನೀವು ಬಂದು ನಿಲ್ಲುತ್ತೀರಿ. ಆಚೆ ಕಡೆಯ ಗೋಡೆಯಲ್ಲಿ ಹೆಸರುಗಳು. ಓದಬಹುದು, ಮುಟ್ಟುವುದಕ್ಕಾಗುವುದಿಲ್ಲ. 'ನೆನಪಿನ ಗಾಯ' ಅಂತ ಅದಕ್ಕೆ ಹೆಸರಿಟ್ಟ. ಅದರ ಚಿತ್ರಗಳು ಪ್ರಪಂಚದ ತುಂಬ ಓಡಾಡಿದವು. ನೋಡಿದರೆ ಮೈ ಜುಮ್ಮೆನ್ನುತ್ತದೆ ನಿಜ.

ಆದರೆ ಅಲ್ಲಿ ಮನೆ ಮಾಡಿಕೊಂಡಿದ್ದ ಜನ ಬೇಡ ಅಂದರು. ನಾವು ಆ ದಿನ ದೋಣಿ ತಂದವರು, ನಾವು ನೋಡಿದ್ದೇ ನಮಗೆ ಸಾಕು, ದಿನಾ ಬೆಳಗ್ಗೆ ಕಿಟಕಿ ತೆಗೆದರೆ ಗಾಯ ಕಾಣಬೇಕೇ ಅನ್ನುವುದು ಅವರ ಸಂಕಟ. ಕೋರ್ಟಿನವರೆಗೂ ಹೋಯಿತು. ಕೊನೆಗೆ 2017ರಲ್ಲಿ ಸರ್ಕಾರವೇ ಆ ಯೋಜನೆ ಕೈಬಿಟ್ಟಿತು. ದ್ವೀಪಕ್ಕೆ ದೋಣಿ ಹೊರಡುವ ಕಟ್ಟೆಯ ಬಳಿ ಬೇರೆಯದೇ ಸ್ಮಾರಕ, ನೀರಿನ ಕಡೆ ಇಳಿಯುವ ಮೆಟ್ಟಿಲು ಮತ್ತು 77 ಕಂಚಿನ ಕಂಬ, 2022ರಲ್ಲಿ ತೆರೆಯಿತು. ಅದಕ್ಕೂ ಅಕ್ಕಪಕ್ಕದವರ ವಿರೋಧವಿತ್ತು, ಅದೂ ಕೋರ್ಟಿಗೆ ಹೋಗಿ ಬಂದದ್ದೇ.

ನಾನು ಈ ವಿಷಯದಲ್ಲಿ ಆ ನೆರೆಯವರ ಪರ. ಕಲಾವಿದನ ವಾದದಲ್ಲಿ ಸತ್ವವಿದೆ. ಸಾವು ಸರಿಪಡಿಸಲಾಗದ್ದು, ಹಾಗಾಗಿ ಸ್ಮಾರಕವೂ ಸರಿಪಡಿಸಲಾಗದ ಹಾಗೆ ನೆಲವನ್ನು ಕತ್ತರಿಸಬೇಕು ಅನ್ನುವುದು ಸುಳ್ಳಲ್ಲ. ಆದರೆ ಅದು ವರ್ಷಕ್ಕೊಮ್ಮೆ ಬಂದು ಹೋಗುವವರ ಸತ್ಯ. ಮಗು ಸತ್ತ ಮನೆಯಲ್ಲಿ ಅದರ ತೊಟ್ಟಿಲನ್ನು ಹಜಾರದ ನಡುವೆ ಇಟ್ಟುಕೊಂಡು ಯಾರೂ ಬದುಕುವುದಿಲ್ಲ. ಅಟ್ಟದ ಮೇಲಿಡುತ್ತಾರೆ. ಎಸೆಯುವುದೂ ಇಲ್ಲ. ಬೇಕೆನಿಸಿದಾಗ ಹತ್ತಿ ಹೋಗಿ ನೋಡಬಹುದು. ಕಾಡು ಬೆಟ್ಟಗಳ ನಡುವಿನ ಸ್ಮಾರಕ ಹಾಗಿರಬೇಕು, ಅಟ್ಟದ ಮೇಲಿನ ತೊಟ್ಟಿಲಿನ ಹಾಗೆ.

ಆ ದ್ವೀಪದ ಮೇಲೇ ಆದ ಎರಡು ಕೆಲಸಗಳು ನನಗೆ ತುಂಬ ಇಷ್ಟ. ಒಂದು, 2015ರಲ್ಲಿ ಮರಗಳ ನಡುವಿನ ಬಯಲಿನಲ್ಲಿ ತೂಗುಹಾಕಿದ ದೊಡ್ಡ ಉಕ್ಕಿನ ಬಳೆ, ಅದರಲ್ಲಿ ಕೊರೆದ ಹೆಸರು ಮತ್ತು ವಯಸ್ಸು. ಅದಕ್ಕೆ ಅಡಿಪಾಯವಿಲ್ಲ, ಕಟ್ಟೆಯಿಲ್ಲ, ಮರಗಳೇ ಹೊತ್ತುಕೊಂಡಿವೆ. ಇನ್ನೊಂದು, ಹದಿಮೂರು ಜನ ಸತ್ತ ಕೆಫೆ ಕಟ್ಟಡವನ್ನು ಪೂರ್ತಿ ಒಡೆಯದೆ, ಪೂರ್ತಿ ಹಾಗೇ ಬಿಡದೆ, ಸಾವಾದ ಭಾಗವನ್ನು ಮಾತ್ರ ಉಳಿಸಿಕೊಂಡು ಅದರ ಸುತ್ತ ಇನ್ನೊಂದು ಮನೆ ಕಟ್ಟಿದ್ದು. 2016ರ ಈ ಮನೆಯ ಮಾಡನ್ನು 69 ಕಂಬಗಳು ಹೊತ್ತಿವೆ, ಸತ್ತವರ ಲೆಕ್ಕಕ್ಕೆ. ಹೊರಗೆ ಬೇಲಿಯ ಹಾಗೆ ಸುತ್ತುವರಿದಿರುವುದು 495 ಮರದ ಕಂಬ. ಅದು ಅಂದು ದ್ವೀಪದಿಂದ ಬದುಕಿ ಬಂದವರ ಲೆಕ್ಕ.

ಬದುಕಿದವರನ್ನು ಎಣಿಸುವ ಸ್ಮಾರಕವನ್ನು ನೀವು ಇನ್ನೆಲ್ಲಾದರೂ ನೋಡಿದ್ದೀರಾ? ಬದುಕಿ ಉಳಿದವರಿಗೂ ಒಂದು ಭಾರ ಇರುತ್ತದೆ, ಅವರಿಗೂ ಒಂದು ಕಂಬ ಬೇಕು ಅಂತ ಯಾರಿಗೋ ಹೊಳೆಯಿತಲ್ಲ, ಅದು ದೊಡ್ಡದು.

*

"ಇದೆಲ್ಲ ಯುರೋಪಿನವರ ದುಡ್ಡಿನ ಆಟ, ನಮಗೆಲ್ಲಿ?" ಅನ್ನುವವರಿದ್ದಾರೆ. ದಯವಿಟ್ಟು ಗಂಗಾವತಿಯ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿ ನೋಡಿ. ಎರಡು ಸಾವಿರ ವರ್ಷಕ್ಕೂ ಹಿಂದಿನ, ನಾನೂರರಷ್ಟು ಶಿಲಾಸಮಾಧಿಗಳು. ಮೂರು ಕಡೆ, ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಕೆಲವಕ್ಕೆ ಒಂದು ದುಂಡನೆಯ ಕಿಂಡಿ. ಸುತ್ತಿನ ಜನ ಮೋರೇರ ಮನೆ ಅಂತಾರೆ. ಕಲ್ಲು ತರಿಸಿದ್ದು ಎಲ್ಲಿಂದ? ಆ ಗುಡ್ಡದ್ದೇ ಬಂಡೆ. ಕಲ್ಲೆಬ್ಬಿಸಿದ ಜಾಗದಲ್ಲಿ ನೀರು ನಿಂತು ಕೊಳವಾಗಿದೆ. ಸತ್ತವರಿಗೆ ಮನೆ, ಇದ್ದವರಿಗೆ ನೀರು. ಇದಕ್ಕಿಂತ ಅಚ್ಚುಕಟ್ಟಾದ ಯೋಜನೆಯನ್ನು ಯಾವ ಕನ್ಸಲ್ಟೆಂಟ್ ಕೊಡ್ತಾನೆ ಹೇಳಿ!

ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಬನ್ನಿ. ಎದುರಿನ ದೊಡ್ಡಬೆಟ್ಟದಲ್ಲಿ ಗೊಮ್ಮಟ ಆಕಾಶಕ್ಕೆ ನಿಂತಿದ್ದರೆ, ಇಲ್ಲಿ ಸಲ್ಲೇಖನ ಮಾಡಿ ದೇಹ ಬಿಟ್ಟವರ ನೆನಪು ಬಂಡೆಯ ಮೈಮೇಲೇ, ನಮ್ಮ ಕಾಲ ಬುಡದಲ್ಲಿ ಅಕ್ಷರವಾಗಿ ಮಲಗಿದೆ. ಹಳೆಯವು ಕ್ರಿ.ಶ. 600ರ ಸುಮಾರಿನವು. ಅವನ್ನು ಓದಬೇಕಾದರೆ ತಲೆ ಬಗ್ಗಿಸಲೇಬೇಕು. ಬಿಸಿಲು ಓರೆಯಾಗಿದ್ದಾಗ ಅಕ್ಷರ ಕಾಣುತ್ತದೆ, ನೆತ್ತಿಗೆ ಬಂದಾಗ ಮರೆಯಾಗುತ್ತದೆ.

ಇನ್ನು ವೀರಗಲ್ಲು, ಮಾಸ್ತಿಗಲ್ಲು ಗೊತ್ತಿಲ್ಲದ ಕನ್ನಡದ ಊರಿಲ್ಲ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಊರಬಾಗಿಲಲ್ಲಿ. ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸನ್ನಿಧಿ. ಓದು ಬರಹ ಬಾರದವನಿಗೂ ಅರ್ಥವಾಗುವ ಸ್ಮಾರಕ ಅದು. ಆತಕೂರಿನಲ್ಲಿ ಹತ್ತನೇ ಶತಮಾನದಲ್ಲಿ ಹಂದಿಯೊಂದಿಗೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಗೂ ಕಲ್ಲು ನಿಲ್ಲಿಸಿದರು. ಆ ಕಲ್ಲು ಬೆಂಗಳೂರಿನ ಮ್ಯೂಸಿಯಮ್ಮಿಗೆ ಬಂದಿದೆ. ನಾಯಿಗೂ ಕಲ್ಲು ನೆಟ್ಟ ನಾಡು ಇದು. ಹೆದ್ದಾರಿ ಬದಿ ಚಾ ಮಾರುತ್ತಿದ್ದವರಿಗೆ ನೆಡಲಾರದಷ್ಟು ಬಡವಾಗಿದ್ದೀವಾ?

ತೀರಾ ಈಚಿನ ಉದಾಹರಣೆಯೂ ಇದೆಯಲ್ಲ, ಕುಪ್ಪಳಿಯ ಕವಿಶೈಲ. ಕುವೆಂಪು 1994ರ ನವೆಂಬರ್ 11ರಂದು ತೀರಿಕೊಂಡ ಮೇಲೆ ಅವರ ಅಂತ್ಯಕ್ರಿಯೆ ನಡೆದದ್ದು ಅವರು ಕೂತು ಸೂರ್ಯಾಸ್ತ ನೋಡುತ್ತಿದ್ದ ಆ ಬಂಡೆಯ ಮೇಲೇ. ಅಲ್ಲಿ ಕಲಾವಿದ ಕೆ.ಟಿ. ಶಿವಪ್ರಸಾದ್ ನಿಲ್ಲಿಸಿದ ಬೃಹತ್ ಶಿಲೆಗಳು ಹಿರೇಬೆಣಕಲ್ಲಿನಂಥ ಶಿಲಾಸಮಾಧಿಗಳ ನೆಂಟರು. ಕಂಬ, ಅದರ ಮೇಲೊಂದು ಅಡ್ಡಗಲ್ಲು, ಅಷ್ಟೇ. ಗೋಡೆಯಿಲ್ಲ, ಮಾಡಿಲ್ಲ. ಮಳೆ ಒಳಗೇ ಸುರಿಯುತ್ತದೆ, ಗಾಳಿ ಒಳಗಿಂದಲೇ ಹಾದುಹೋಗುತ್ತದೆ, ಕಂಬಗಳ ಸಂದಿಯಲ್ಲಿ ಮಲೆನಾಡಿನ ಬೆಟ್ಟಸಾಲು ಹಾಗೇ ಕಾಣುತ್ತದೆ. ಬಂಡೆಯ ಮೇಲೆ ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಸಹಿಗಳಿವೆ. ಆ ಜಾಗದಲ್ಲಿ ಕವಿಯ ಇಪ್ಪತ್ತಡಿ ಕಂಚಿನ ಪ್ರತಿಮೆ ನಿಂತಿದ್ದರೆ ಹೇಗಿರುತ್ತಿತ್ತು ಅಂತ ಒಮ್ಮೆ ಊಹಿಸಿಕೊಳ್ಳಿ. ನಾವು ಪ್ರತಿಮೆ ನೋಡಿ ಬರುತ್ತಿದ್ದೆವು, ಬೆಟ್ಟ ನೋಡುತ್ತಿರಲಿಲ್ಲ.

*

ಈಗ ಕಷ್ಟದ ಪ್ರಶ್ನೆಗೆ ಬರ್ತೀನಿ. ಸ್ವೀಡನ್ನಿನ ಪೈನ್ ಕಾಡು ಸಾಂತ್ವನ ಹೇಳುತ್ತದೆ, ಒಪ್ಪೋಣ. ಆದರೆ ಶಿರೂರಿನಲ್ಲಿ, ವಯನಾಡಿನಲ್ಲಿ ಕೊಂದದ್ದೇ ಬೆಟ್ಟವಲ್ಲವೇ? ಮಗನನ್ನು ನುಂಗಿದ ಗುಡ್ಡದ ಬುಡದಲ್ಲಿ ಹೂದೋಟ ಮಾಡಿ "ಪ್ರಕೃತಿಯ ಮಡಿಲಲ್ಲಿ ಶಾಂತಿ ಪಡೆಯಿರಿ" ಅಂತ ಬೋರ್ಡು ಹಾಕಿದರೆ ಅದು ಕ್ರೌರ್ಯ. ಅದಕ್ಕಿಂತ ಹೆಚ್ಚಾಗಿ ಅದೊಂದು ಅರ್ಧಸತ್ಯ. ಶಿರೂರಿನಲ್ಲಿ ಹೆದ್ದಾರಿಗಾಗಿ ಗುಡ್ಡವನ್ನು ಕಡಿದ ರೀತಿಯೇ ಸರಿಯಿಲ್ಲ ಅನ್ನುವ ದೂರು ಆಗಲೇ ಎದ್ದಿತ್ತು. ಸುಮ್ಮನೆ ಪ್ರಕೃತಿಯ ಮೇಲೆ ಭಾರ ಹಾಕಿ ಕೈ ಮುಗಿದು ಬಂದರೆ ಮನುಷ್ಯರು ಮಾಡಿದ್ದು ಮರೆತುಹೋಗುತ್ತದೆ. ಮರೆಸುವುದಕ್ಕಾಗಿಯೇ ಕಟ್ಟಿದ ಸ್ಮಾರಕಗಳೂ ಇರುತ್ತವೆ, ಎಚ್ಚರ.

ಇಲ್ಲಿ ನಮಗೆ ದಾರಿ ತೋರಿಸುವುದು ಜಪಾನ್. ಅಲ್ಲಿನ ಈಶಾನ್ಯ ಕರಾವಳಿಯ ಉದ್ದಕ್ಕೂ ಸುನಾಮಿ ಕಲ್ಲುಗಳಿವೆ. ಹಿಂದಿನವರು ತಮ್ಮವರನ್ನು ಕಳೆದುಕೊಂಡಾಗ ನಿಲ್ಲಿಸಿದ ಕಲ್ಲುಗಳು. ಅನೆಯೋಶಿ ಎಂಬ ಪುಟ್ಟ ಹಳ್ಳಿಯಲ್ಲಿ 1933ರ ಸುನಾಮಿಯ ನಂತರ ನಿಲ್ಲಿಸಿದ ಕಲ್ಲು, ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ ಅಂತ ಹೇಳುತ್ತದೆ. ಊರಿನವರು ಆ ಮಾತು ಕೇಳಿದರು. 2011ರ ಮಾರ್ಚಿನಲ್ಲಿ ಮತ್ತೆ ಸಮುದ್ರ ಉಕ್ಕಿ ಬಂದಾಗ ನೀರು ಆ ಕಲ್ಲಿಗಿಂತ ಕೆಳಗೇ ನಿಂತಿತು, ಮೇಲಿದ್ದ ಮನೆಗಳು ಉಳಿದವು. ಸತ್ತವರ ನೆನಪು ಇದ್ದವರ ಜೀವ ಉಳಿಸಿತು. ಸ್ಮಾರಕಕ್ಕೆ ಇದಕ್ಕಿಂತ ದೊಡ್ಡ ಕೆಲಸ ಏನಿದೆ?

ಗುಜರಾತಿನ ಭುಜ್ ಊರಿನ 'ಸ್ಮೃತಿವನ'ವೂ ಈ ದಾರಿಯಲ್ಲೇ ಇದೆ. 2001ರ ಜನವರಿ 26ರ ಭೂಕಂಪದಲ್ಲಿ ಸತ್ತವರಿಗಾಗಿ ಭುಜಿಯೋ ಗುಡ್ಡದ ಮೇಲೆ ಮಾಡಿದ್ದು, 2022ರಲ್ಲಿ ತೆರೆದದ್ದು. ಅಲ್ಲಿ ದೊಡ್ಡ ಮ್ಯೂಸಿಯಂ ಇದೆ, ಗದ್ದಲವೂ ಇದೆ. ಆದರೆ ಅದರ ಜೀವಾಳ ಬೇರೆ. ಗುಡ್ಡದ ಕೊರಕಲುಗಳಿಗೆ ಅಡ್ಡಲಾಗಿ ಐವತ್ತು ಪುಟ್ಟ ಕಟ್ಟೆ ಕಟ್ಟಿ, ಆ ಕಟ್ಟೆಗಳ ಮೇಲೆ ಹನ್ನೆರಡು ಸಾವಿರಕ್ಕೂ ಹೆಚ್ಚು ಹೆಸರು ಹಾಕಿದ್ದಾರೆ. ಕಚ್ಛದಂಥ ಒಣಭೂಮಿಯಲ್ಲಿ ಮಳೆ ಬಂದರೆ ಆ ಹೆಸರುಗಳ ಹಿಂದೆ ನೀರು ನಿಲ್ಲುತ್ತದೆ, ಆ ನೀರಿಗೆ ಮರ ಬೆಳೆಯುತ್ತದೆ. ಹಿರೇಬೆಣಕಲ್ಲಿನ ಕೊಳ ನೆನಪಾಯಿತೇ?

"ಮೊದಲು ಬದುಕಿರುವವರಿಗೆ ಮನೆ ಕೊಡಿ, ಆಮೇಲೆ ಸತ್ತವರಿಗೆ ಸ್ಮಾರಕ" ಅನ್ನುವ ಮಾತು ಬಂದೇ ಬರುತ್ತದೆ. ಪೂರ್ತಿ ಒಪ್ಪುತ್ತೇನೆ. ಆದರೆ ಅದಕ್ಕೇ ಹೇಳುವುದು, ಕೋಟಿಗಟ್ಟಲೆ ಸುರಿಯುವ ಕಮಾನು, ಕಾರಂಜಿ, ಇಂಟರ್‌ಲಾಕ್ ಟೈಲ್ಸು, ಬಣ್ಣದ ಲೈಟು ಯಾವುದೂ ಬೇಡ ಅಂತ. ನಾನು ಕೇಳುತ್ತಿರುವುದು ಬಹಳ ಅಗ್ಗದ್ದು.

ಆ ಜಿಲ್ಲೆಯದೇ ಕಲ್ಲು. ಮಣ್ಣು ಎಲ್ಲಿಯವರೆಗೆ ಬಂದಿತ್ತೋ ಆ ಗೆರೆಯ ಮೇಲೆ ಅಲ್ಲಲ್ಲಿ ನಿಲ್ಲಿಸಿದ, ಎದೆಮಟ್ಟದ ಕಲ್ಲುಗಳು. ಮುಂದೊಂದು ದಿನ ಯಾರಾದರೂ ಆ ಗೆರೆಯೊಳಗೆ ಹೋಂಸ್ಟೇ ಕಟ್ಟಲು ಬಂದರೆ ಕಲ್ಲು ಅಡ್ಡ ನಿಲ್ಲಬೇಕು. ಅದರ ಮೇಲೆ ಸತ್ತವರ ಹೆಸರು, ಊರು, ವಯಸ್ಸು, ಮಾಡುತ್ತಿದ್ದ ಕೆಲಸ. ಹೆಸರು ಗೊತ್ತಾಗದವರಿಗೆ ಖಾಲಿ ಬಿಟ್ಟ ಒಂದು ಕಲ್ಲು, ನಂಬರಲ್ಲ. ಆ ದಿನ ಮಣ್ಣಲ್ಲಿ ಇಳಿದು ಹುಡುಕಿದವರಿಗೂ, ನದಿಗೆ ಧುಮುಕಿದ ಮುಳುಗುಗಾರರಿಗೂ ಒಂದು ಕಲ್ಲು. ಹೆದ್ದಾರಿಯ ಹಾರ್ನು ಕೇಳದಷ್ಟು ಒಳಗೆ, ಕುಸಿಯದ ನೆಲ ಅಂತ ಭೂವಿಜ್ಞಾನಿಗಳು ಹೇಳಿದ ಕಡೆ, ಒಂದು ಕಾಲುದಾರಿ. ದಾರಿಯ ಕೊನೆಗೆ ನದಿ ಕಾಣುವ ಹಾಗೆ ಒಂದು ಕಟ್ಟೆ. ವಯಸ್ಸಾದವರು ಹಿಡಿದುಕೊಳ್ಳಲು ಕೈಪಿಡಿ. ಮಳೆ ಬಂದರೆ ನಿಲ್ಲಲು ಒಂದು ಹೆಂಚಿನ ಮಾಡು, ಯಾಕೆಂದರೆ ನಮ್ಮ ಈ ಸಾವುಗಳ ವರ್ಷಾಬ್ದಿಕ ಬರುವುದೇ ಜುಲೈ ಆಗಸ್ಟಿನಲ್ಲಿ, ಸುರಿವ ಮಳೆಯಲ್ಲಿ. ನಂದಿಬಟ್ಟಲು, ಸುರಗಿ, ರಂಜಲು, ಆ ಕಡೆ ತಾನಾಗಿ ಬೆಳೆಯುವ ಗಿಡಗಳು. ಹಿಂದೂ, ಮುಸ್ಲಿಂ, ಕ್ರೈಸ್ತ ಯಾರೇ ಬಂದರೂ ಅವರವರ ರೀತಿಯಲ್ಲಿ ದೀಪ, ಅಗರಬತ್ತಿ, ಮೇಣದಬತ್ತಿ ಹಚ್ಚಲು ಒಂದು ಗೂಡು. ಮತ್ತೆ ಹೊರಗೆ ಹೋಗಲು ಬೇರೆ ದಾರಿ.

ವಿನ್ಯಾಸ ಶುರುವಾಗುವ ಮೊದಲು ಆ ಮನೆಯವರನ್ನೂ ಅಕ್ಕಪಕ್ಕದ ಊರಿನವರನ್ನೂ ಕೂರಿಸಿ ಕೇಳಬೇಕು. ಉಟೋಯಾದಲ್ಲಿ ಆದದ್ದು ಅದೇ ತಾನೆ, ಚಿತ್ರ ಮೊದಲು ಬಂತು, ಕೇಳುವುದು ಆಮೇಲೆ.

ಮತ್ತೆ ಒಂದೇ ಒಂದು ಕರಾರು. ಉದ್ಘಾಟನೆಯ ಫಲಕ ಮಾತ್ರ ಬೇಡ. ಇಡಲೇಬೇಕು ಅಂತಿದ್ದರೆ ಕಲ್ಲು ತಂದ, ಕೆತ್ತಿದ, ಗಿಡ ನೆಟ್ಟ ಕೂಲಿಯವರ ಹೆಸರು ಹಾಕಿ. ಇನ್ನು ವಿಯೆಟ್ನಾಂ ಗೋಡೆಯ ಕತೆ ಅಲ್ಲೇ ಬಿಟ್ಟಿದ್ದೆ. 1981ರಲ್ಲಿ 1,421 ವಿನ್ಯಾಸಗಳ ನಡುವೆ ಗೆದ್ದದ್ದು ಯೇಲ್‌ನಲ್ಲಿ ಓದುತ್ತಿದ್ದ 21 ವರ್ಷದ ಹುಡುಗಿ, ಮಾಯಾ ಲಿನ್. ಬರೀ ಹೆಸರು, ಸತ್ತ ತಾರೀಖಿನ ಕ್ರಮದಲ್ಲಿ, ಹುದ್ದೆಯ ಕ್ರಮದಲ್ಲಲ್ಲ. ಇದೇನು ಸ್ಮಾರಕವೋ ನಾಚಿಕೆಗೇಡಿನ ಹೊಂಡವೋ ಅಂತ ಬೈದವರು ಕಮ್ಮಿಯಿಲ್ಲ. ಅವರ ಸಮಾಧಾನಕ್ಕೆ 1984ರಲ್ಲಿ ಹತ್ತಿರದಲ್ಲೇ ಮೂವರು ಸೈನಿಕರ ಕಂಚಿನ ಪ್ರತಿಮೆ ನಿಲ್ಲಿಸಿದರು. ಆದರೆ ಅಮ್ಮಂದಿರು, ಹೆಂಡಂದಿರು, ಮಕ್ಕಳು ಹೋಗಿ ಕೈಯಿಡುವುದು ಮಾತ್ರ ಆ ಗೋಡೆಯ ಮೇಲೆ. ಪಾಲಿಶ್ ಮಾಡಿದ ಕರಿಕಲ್ಲಲ್ಲಿ ಸತ್ತವನ ಹೆಸರಿನ ಹಿಂದೆ ಅವರ ಮುಖವೇ ಕಾಣುತ್ತದೆ.

ಆ ಕಲ್ಲು ನಮ್ಮದು. ಅದಕ್ಕೆ ಆ ಶಕ್ತಿ ಇದೆ ಅಂತ ತೋರಿಸಿದ್ದು ಇನ್ಯಾರೋ. ನಮ್ಮ ಶಿರೂರಿಗೆ, ನಮ್ಮ ಕೊಡಗಿಗೆ ಅದೇ ಕಲ್ಲನ್ನು ಒಮ್ಮೆ ನಾವೇ ಸರಿಯಾಗಿ ಬಳಸಿ ನೋಡಬಾರದೇ?

ನಿಮ್ಮ ನಿಮ್ಮ ಊರಿನ ಬದುವಿನಲ್ಲಿ, ಏರಿಯ ಮೇಲೆ, ಕಾಡಿನಂಚಿನಲ್ಲಿ ಇಂಥ ಒಂದು ಕಲ್ಲು ಇದ್ದೇ ಇರುತ್ತದೆ. ಅದರ ಫೋಟೋ ತೆಗೆದು, ಅದು ಯಾರದು, ಅಲ್ಲಿ ಏನಾಯಿತು ಅಂತ ಹಿರಿಯರನ್ನು ಕೇಳಿ ಬರೆಯಿರಿ. ಮುಂದೆ ಕಟ್ಟುವವರಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಬೇಕಾಗಿಲ್ಲ ಅಂತ ನನಗನ್ನಿಸುತ್ತದೆ.

ನೀವೇನಂತೀರಿ?